ಕೆಂಡದಲ್ಲಿ ಹೂತ ಕುಂಬಳಕಾಯಿ

ಹೊಗೆ ಮತ್ತೆ ಇತ್ತ ತಿರುಗಿತು, ಇಷ್ಟೊತ್ತು ದೂಧಗಂಗೆ ಹೊಳೆಯ ಕಡೆಗೆ ತನ್ನ ಪಾಡಿಗೆ ತಾನು ಹೋಗುತ್ತಿದ್ದದ್ದು ಈಗ ಸೀದಾ ಜಮಖಾನೆಯ ಮೇಲೆ ಕುಳಿತ ಮಂದಿಯ ಮೂಗಿಗೇ, ಇವತ್ತೊಂದು ದಿವಸ ಗಾಳಿಯಾದರೂ ನನ್ನ ಮಾತು ಕೇಳಬಾರದೇ ಎಂದುಕೊಂಡು ಜಿನಮತಿ ಸೆರಗಿನಿಂದ ಕಣ್ಣೊರೆಸಿದಳು, ಒರೆಸಿದ್ದೇ ತಪ್ಪಾಯಿತು, ಸೆರಗಿಗೂ ಮಸಿ, ಈಗ ಕಣ್ಣ ಸುತ್ತ ಕಾಡಿಗೆ ಬಳಿದ ಹಾಗೆ ಆಗಿರಬೇಕು, ಆಗಲಿ ಬಿಡು, ಇಲ್ಲಿ ಯಾರು ನೋಡುತ್ತಾರೆ — ಅಕ್ಕವ್ವ ನೋಡುತ್ತಾಳೆ, ಅಕ್ಕವ್ವನ ಕಣ್ಣಿಗೆ ಬೀಳದ್ದು ಯಾವುದಿದೆ, ಗಂಡನ ಅಕ್ಕ, ಈ ಮನೆಯ ಹಿರಿಮಗಳು, ಅಥಣಿಯ ದ್ರಾಕ್ಷಿ ತೋಟದ ಯಜಮಾನತಿ, ಇಡೀ ಬಳಗದಲ್ಲಿ ಅವಳಷ್ಟು ತೆಳ್ಳಗೆ ಹೋಳಿಗೆ ಲಟ್ಟಿಸುವ ಇನ್ನೊಂದು ಕೈ ಇಲ್ಲವೆಂದು ಮಂದಿ ಹೇಳಿ ಹೇಳಿ ಅವಳ ಕುತ್ತಿಗೆ ಆ ಹೆಮ್ಮೆಗೇ ನೆಟ್ಟಗಾಗಿದೆ, ಈಗಲೂ ನೋಡು, ಬೇವಿನ ನೆರಳಲ್ಲಿ ಗೋಡೆಗೆ ಒರಗಿದವರ ಹಾಗೆ ಗೋಡೆಯಿಲ್ಲದೆಯೇ ಕುಳಿತಿದ್ದಾಳೆ, ಹೊಗೆ ಬಂದರೂ ಕೆಮ್ಮುವುದಿಲ್ಲ, ಕೆಮ್ಮಿದರೆ ಸೋತ ಹಾಗೆ. ಕೆಮ್ಮಬೇಡ ತಾಯಿ. ಬೆಂಕಿಯ ತಗ್ಗಿನ ಒಂದು ಬದಿಗೆ ಗೋವಿನಜೋಳದ ತೆನೆಗಳು, ಇನ್ನೊಂದು ಬದಿಗೆ ಬಿಸಿ ಬೂದಿಯಲ್ಲಿ ಹಸಿ ಶೇಂಗಾ, ಕಲ್ಲುಗಳ ಮೇಲೆ ಮಾವಿನಕಾಯಿ ಸುಟ್ಟು ಸಿಪ್ಪೆ ಬಿರಿದಿವೆ, ನಡುವೆ ಕೆಂಡದ ಕೆಳಗೆ ಕೆಸರು ಮೆತ್ತಿಸಿಕೊಂಡು ಮಲಗಿದ ಕುಂಬಳಕಾಯಿ, ಅದೇ ಇವತ್ತಿನ ಸಿಹಿ, ಅದೇ ಇವತ್ತಿನ ಮಾನ, ಅದು ಬೆಂದಿದೆಯೋ ಇಲ್ಲವೋ ಆ ಆದಿನಾಥನಿಗೇ ಗೊತ್ತು, ಹೊತ್ತು ಆಗಲೇ ಹೊಳೆಯಾಚೆಯ ಜಾಲಿಗಿಡಗಳ ಕಡೆ ವಾಲಿದೆ, ಹೊತ್ತು ಮುಳುಗಿದ ಮೇಲೆ ಈ ಜಮಖಾನೆಯ ಮೇಲಿನ ಒಬ್ಬರ ಬಾಯಿಗೂ ಒಂದು ಅಗುಳು ಹೋಗುವುದಿಲ್ಲ, ಜೈನರ ಮನೆಯ ಊಟ, ಸೂರ್ಯನೇ ಇಲ್ಲಿ ಯಜಮಾನ. ಮತ್ತು ತಲೆಯ ಮೇಲೆ ಬೇವಿನ ಟೊಂಗೆಗೆ ಬಿಳಿ ಬಟ್ಟೆ ಕಟ್ಟಿದ ಬುಟ್ಟಿ ತೂಗುತ್ತಿದೆ, ಅದರೊಳಗೆ ಹೋಳಿಗೆ, ಅಕ್ಕವ್ವನ ಹೋಳಿಗೆ, ಕುಂಬಳಕಾಯಿ ಕೈಕೊಟ್ಟರೆ ಕೆಳಗಿಳಿಯುವುದು ಅದೇ. ಇಳಿಯಿತೆಂದರೆ ಮುಗಿಯಿತು, ಮಗಳು ಸುಗಂಧಾ ಮತ್ತೆ ತನ್ನ ಡಬ್ಬಿ ಎತ್ತಿಕೊಂಡು ಎದ್ದು ಹೋಗುತ್ತಾಳೆ.

ಡಬ್ಬಿ. ಇವತ್ತೂ ತಂದಿದ್ದಾಳೆ ಹುಡುಗಿ, ಬೇಡವೆಂದರೂ, ಇವತ್ತ ನಿನಗ ಡಬ್ಬಿ ಯಾಕವ್ವ, ಇವತ್ತ ಎಲ್ಲಾರೂ ನೀ ಉಣ್ಣೂದನ್ನ ಉಣ್ಣಾವ್ರು, ಎಂದು ಮುಂಜಾನೆಯಿಂದ ಹೇಳಿದರೂ ಕೇಳದೆ, ಇರ್ಲಿ ಬಿಡವ್ವ, ಖಾಲಿ ಡಬ್ಬಿ ಒಯ್ತೇನಿ ಎಂದು ತೊಡೆಯ ಮೇಲೆ ಇಟ್ಟುಕೊಂಡೇ ಚಕ್ಕಡಿಯಲ್ಲಿ ಬಂದಳು, ಸ್ಟೀಲಿನ ದುಂಡು ಡಬ್ಬಿ, ಚಿಕ್ಕೋಡಿ ಬಸ್ಸಿನಿಂದ ಒಮ್ಮೆ ಬಿದ್ದು ಮುಚ್ಚಳ ನೆಗ್ಗಿದ್ದು, ಅಂಗೈಯಿಂದ ಗುದ್ದಿದರೆ ಮಾತ್ರ ಮುಚ್ಚಿಕೊಳ್ಳುತ್ತದೆ, ಟಕ್, ಎಷ್ಟು ಮದುವೆ, ಎಷ್ಟು ಬಸುರಿ ಕುಬಸ, ಎಷ್ಟು ಬಸದಿಯ ಪೂಜೆಯ ಊಟದಲ್ಲಿ ಆ ಟಕ್ ಕೇಳಿದ್ದಾಳೆ ಜಿನಮತಿ, ಪಂಕ್ತಿಯಲ್ಲಿ ಎಲ್ಲರ ಎಲೆಗೆ ಪೂರಿ ಬೀಳುವಾಗ ಎಲ್ಲೋ ಕಂಬದ ಹಿಂದಿನಿಂದ ಟಕ್, ಊಟ ಮುಗಿಸಿತು ತನ್ನ ಕೂಸು. ಎಂಬತ್ತೆರಡರ ಬೇಸಿಗೆಯಲ್ಲಿ ಹುಟ್ಟಿದ್ದು, ಹುಟ್ಟಿದಾಗ ಏನು ಗುಂಡಗೆ, ಅನ್ನ ಚಪಾತಿ ಶುರುವಾದದ್ದೇ ತಡ ಹೊಟ್ಟೆ ಮುಂದೆ ಕಾಲು ಹಿಂದೆ, ಕಡ್ಡಿಯಂಥ ಕಾಲು, ಕೂದಲು ಕೆಂಪಗೆ, ಬೇಧಿ ನಿಲ್ಲದು, ಅತ್ತೆ ದೃಷ್ಟಿ ಅಂದಳು, ಓಣಿಯವರು ಜಂತು ಅಂದರು, ಅಕ್ಕವ್ವ ಅಥಣಿಯಿಂದ ಬಂದು ನೋಡಿ, ಜಿನಮತೀಗೆ ಉಣಸಾಕ ಬರೂದಿಲ್ಲ ಅಂದಳು, ಹೌದು, ಅಂದಳು, ಹಡೆದ ತಾಯಿಯ ಎದುರಿಗೇ ಅಂದಳು, ಎರಡು ದಿವಸ ತಾನೇ ಕೂತು ಚಪಾತಿಗೆ ತುಪ್ಪ ಸವರಿ ಸವರಿ ತಿನ್ನಿಸಿದಳು, ಮೂರನೆಯ ದಿವಸ ಮಿರಜಿಗೆ ಒಯ್ಯಬೇಕಾಯಿತು. ಮಿರಜಿಯ ಡಾಕ್ಟರು ಮರಾಠಿಯಲ್ಲಿ, ಗಹೂ ಬಂದ್, ಏಕದಮ್ ಬಂದ್, ಈ ಕೂಸಿನ ಕರುಳಿಗೆ ಗೋಧಿ ಅಂದ್ರ ವಿಷ, ಜ್ವಾಳ ನಡೀತೈತಿ, ಅಕ್ಕಿ ನಡೀತೈತಿ, ಗೋವಿನಜ್ವಾಳ ನಡೀತೈತಿ, ಗೋಧಿ ಒಂದ ಚೂರೂ ಬ್ಯಾಡ, ಸಾಯೂತನಕ ಬ್ಯಾಡ ಎಂದಾಗ ಗಂಡ ಧನಪಾಲ ಬಾಯಿ ಬಿಟ್ಟುಕೊಂಡು ನಿಂತ, ಗೋಧಿ ವಿಷ ಹೆಂಗ ಆಗತೈತ್ರಿ ಸಾಹೇಬ್ರ, ಆದರೆ ಜಿನಮತಿಗೆ ಅಳು ಬರಲಿಲ್ಲ, ನಗು ಬಂತು, ಖರೆ ಹೇಳಬೇಕೆಂದರೆ ಡಾಕ್ಟರರ ಕಾಲು ಹಿಡಿಯಬೇಕೆನ್ನಿಸಿತು, ದೃಷ್ಟಿಯಲ್ಲ, ಜಂತಲ್ಲ, ತನ್ನ ಕೈಯ ತಪ್ಪೂ ಅಲ್ಲ, ಬರೀ ಗೋಧಿ, ಅಷ್ಟೇನಾ, ಗೋಧಿಯನ್ನು ಮನೆಯಿಂದ ಹೊರಗೆ ಹಾಕುವುದೇನು ದೊಡ್ಡ ಮಾತು.

ದೊಡ್ಡ ಮಾತೇ ಆಯಿತು. ಬರೀ ಜೋಳದ ರೊಟ್ಟಿ ತಿನ್ನಿಸಿದರೂ ಒಂದೊಂದು ವಾರ ಹೊಟ್ಟೆ ಕೆಡುವುದು, ಯಾಕೆ, ಯಾಕೆ, ತಮ್ಮೂರು ಬೋರಗಾಂವದ ಗಿರಣಿಯಲ್ಲಿ ಒಂದು ದಿವಸ ಸಾಲಿನಲ್ಲಿ ನಿಂತವಳಿಗೆ ಕಣ್ಣಿಗೆ ಬಿತ್ತು, ಮುಂದಿನವಳ ಗೋಧಿ ಬೀಸಿ ಮುಗಿಯಿತು, ಅದೇ ಕಲ್ಲಿಗೆ ತನ್ನ ಜೋಳ ಸುರಿದರು, ಮೊದಲು ಬಿದ್ದ ಹಿಟ್ಟು ಬೆಳ್ಳಗಲ್ಲ, ಕೆಂಪಗೆ, ಅಯ್ಯೋ ನನ್ನ ಕರ್ಮವೇ ಎಂದು ಬುಟ್ಟಿ ಅಲ್ಲೇ ಬಿಟ್ಟು ಮನೆಗೆ ಓಡಿ ಬಂದು ದನದ ಕೊಟ್ಟಿಗೆಯ ಮೂಲೆಯಲ್ಲಿ ಸಗಣಿ ಮೆತ್ತಿಕೊಂಡು ಬಿದ್ದಿದ್ದ ಅತ್ತೆಯ ಬೀಸುಕಲ್ಲು ಎಳೆದಳು, ತೊಳೆದಳು, ಅವತ್ತಿನಿಂದ ಸುಗಂಧಾಳ ಹಿಟ್ಟು ಸುಗಂಧಾಳ ಕಲ್ಲಿನದೇ, ಓಣಿಯವರು ನಕ್ಕರು, ಗಿರಣಿ ಬಂದ ಕಾಲದಾಗ ಬೀಸಾಕತ್ತಾಳ ನೋಡ್ರಿ, ನಗಲಿ, ಹುಡುಗಿಯ ಕೆನ್ನೆ ತುಂಬಿತು, ಸಾಲೆಯಲ್ಲಿ ಓಟಕ್ಕೆ ನಿಂತಳು, ಜಡೆ ಸೊಂಟದವರೆಗೆ ಬಂತು. ಎಲ್ಲ ಸರಿ, ಆದರೆ ಊಟಕ್ಕೆ ಕರೆದವರ ಮನೆಯಲ್ಲಿ ಆ ಮೂಲೆ, ಆ ಡಬ್ಬಿ, ಆ ಟಕ್. ಹೋದ ವರ್ಷ ಇದೇ ಅಕ್ಷಯ ತದಿಗೆ, ಅಥಣಿಯಲ್ಲಿ, ಅಕ್ಕವ್ವನ ಪಾಳಿ — ಅಕ್ಕ, ಅಣ್ಣ, ತಮ್ಮ, ಪ್ರತಿ ವರ್ಷ ಒಬ್ಬೊಬ್ಬರ ಮನೆಯಲ್ಲಿ ಈ ಹಬ್ಬದ ಊಟ, ಮಾವನವರು ಹಾಕಿಕೊಟ್ಟ ಪದ್ಧತಿ — ಜಿನಮತಿ ಅತ್ತ ನೀರು ಸೋಸಲು ಹೋದಾಗ ಇತ್ತ ಅಕ್ಕವ್ವ ಹುಡುಗಿಯ ಬಾಯಿಗೆ ಹೋಳಿಗೆ ಮುರಿದು ಇಟ್ಟಳು, ತಿನ್ನಬೇ, ಒಂದ ತುತ್ತಿಗೆ ಏನ ಆಗತೈತಿ, ನಿಮ್ಮವ್ವನ ಹುಚ್ಚ ಅದು, ಹುಡುಗಿ ಸೋದರತ್ತೆಯ ಮಾತು ಮೀರಲಾರದೆ ನುಂಗಿತು, ಆಮೇಲೆ ಮಳೆಗಾಲ ಹಿಡಿಯುವವರೆಗೆ ಹಾಸಿಗೆ, ಸೊಂಟದ ಜಡೆ ಹೆಗಲಿಗೆ ಬಂತು, ಅವತ್ತಿನಿಂದ ಎಲ್ಲಿಗೂ ಬರುವುದಿಲ್ಲ ಎಂದುಬಿಟ್ಟಳು ಸುಗಂಧಾ, ನೀವ ಹೋಗಿ ಬರ್ರಿ, ನಾ ಮನ್ಯಾಗ ಇರ್ತೇನಿ, ಹನ್ನೊಂದು ತುಂಬದ ಹುಡುಗಿಯ ಬಾಯಲ್ಲಿ ಮುದುಕಿಯ ಮಾತು. ಸರಿ, ಬರುವ ವರ್ಷ ನನ್ನ ಪಾಳಿ ಅಲ್ಲವೇ, ನೋಡಿಕೊಳ್ಳುತ್ತೇನೆ, ನನ್ನ ಪಂಕ್ತಿಯಲ್ಲಿ ಗೋಧಿಯೇ ಇರುವುದಿಲ್ಲ, ನನ್ನ ಮಗಳು ನಟ್ಟ ನಡುವೆ ಕೂಡುತ್ತಾಳೆ, ಅಥಣಿಯ ಯಜಮಾನತಿ ಅವಳ ಪಕ್ಕದಲ್ಲಿ ಕೂತು ಅವಳು ಉಣ್ಣುವುದನ್ನೇ ಉಣ್ಣುತ್ತಾಳೆ, ಉಂಡು ಮತ್ತೆ ಬೇಡುತ್ತಾಳೆ, ಬೇಡಲೇಬೇಕು.

ಗೋಧಿ ಇಲ್ಲದ ಹಬ್ಬ ಯಾವ ಹಬ್ಬ ಜಿನಮತಿ, ಧನಪಾಲ ತಲೆ ಕೆರೆದುಕೊಂಡ, ಮಾವಿನಹಣ್ಣಿನ ಸೀಕರಣಿಗೆ ಪೂರಿ ಬ್ಯಾಡೇನ, ಹೋಳಿಗಿ ಬ್ಯಾಡೇನ, ಅಕ್ಕ ಏನ ತಿಳ್ಕೋತಾಳ, ರೊಟ್ಟಿ ಬಡದ ಹಾಕಿದ್ರ ನಾಕ ಮಂದಿ ಏನಂದಾರು, ತಮ್ಮ ಬಡವ ಆಗ್ಯಾನ ಅಂತಾರ. ಮನೆಯಲ್ಲಿ ರೊಟ್ಟಿ ಹಾಕಿದರೆ ಅಂದಾರು, ಹೊಲದಲ್ಲಿ ಬೆಂಕಿ ಹಾಕಿ ಸುಟ್ಟು ಹಾಕಿದರೆ ಯಾರೂ ಅನ್ನುವುದಿಲ್ಲ, ಚಳಿಗಾಲದಲ್ಲಿ ಸೀತನಿ ತಿನ್ನಲು ಸಾಹೇಬರು ಕಾರು ಮಾಡಿಕೊಂಡು ಬರುವುದಿಲ್ಲವೇ, ಹಸಿ ಜೋಳದ ತೆನೆ ಸುಟ್ಟು ಅಂಗೈಯಲ್ಲಿ ಉಜ್ಜಿ ಕೊಟ್ಟರೆ ಬೆಳ್ಳಿ ತಾಟಿನ ಊಟ ಬಿಟ್ಟು ಬಂದಂತೆ ತಿನ್ನುತ್ತಾರೆ, ಬೇಸಿಗೆಯಲ್ಲಿ ಯಾಕೆ ಆಗಬಾರದು, ಬಾವಿಯ ನೀರಿನ ಮೇಲೆ ಗೋವಿನಜೋಳದ ಕಾಳಿಗೆ ಹಾಲು ತುಂಬಿದೆ, ಬೇಸಿಗೆ ಶೇಂಗಾ ಕೀಳಬೇಕು, ಮಾವಿನಕಾಯಿ ಇದೆ, ಗಾಣ ನಿಂತರೂ ಹಬ್ಬಕ್ಕೆಂದು ಉಳಿಸಿದ ನಾಲ್ಕು ಸಾಲು ಕಬ್ಬಿದೆ, ಸಿಹಿಗೆ ಕುಂಬಳಕಾಯಿ. ಕುಂಬಳಕಾಯಿಯೇ, ಎಂದ ಧನಪಾಲ. ಹೂಂ, ಕುಂಬಳಕಾಯಿ, ತೊಟ್ಟಿನ ಕಡೆ ಮುಚ್ಚಳದ ಹಾಗೆ ಕೊಯ್ದು, ಬೀಜ ತೆಗೆದು, ಬೆಲ್ಲ, ಕೊಬ್ಬರಿ, ಶೇಂಗಾ ಪುಡಿ, ಏಲಕ್ಕಿ, ತುಪ್ಪ ತುಂಬಿ, ಮುಚ್ಚಿ, ಬಾಳೆ ಎಲೆ ಸುತ್ತಿ, ಕೆಸರು ಮೆತ್ತಿ ಕೆಂಡದಲ್ಲಿ ಹೂಳುವುದು, ಹಿತ್ತಲಲ್ಲಿ ಸಣ್ಣ ಕಾಯಿ ಸುಟ್ಟು ನೋಡಿದ್ದಳು, ನೆಗೆಣ್ಣಿ ಲಕ್ಷ್ಮಿಬಾಯಿ ಬೆರಳು ಚೀಪುತ್ತ, ವೈನಿ, ಇದರ ಮುಂದ ಯಾವ ಹೋಳಿಗಿ ಬಿಡ್ರಿ ಅಂದಿದ್ದಳು. ಆದರೆ ಅದು ಸಣ್ಣ ಕಾಯಿ. ಇವತ್ತಿನದು ಲಕ್ಷ್ಮಿಬಾಯಿ ಒಬ್ಬಳಿಗೆ ಎತ್ತಲಾಗದ್ದು, ಇಡೀ ಬಳಗಕ್ಕೆ ಸಾಲಬೇಕಲ್ಲ, ದೊಡ್ಡದಕ್ಕೆ ಹೊತ್ತು ಎಷ್ಟು ಬೇಕೆಂದು ಯಾರಿಗೂ ಗೊತ್ತಿಲ್ಲ, ಹಾಗಾಗಿ ಮುಂಜಾನೆಯೇ ಹೂಳಬೇಕೆಂದಿದ್ದಳು, ಮುಂಜಾನೆಯೇ, ಆದರೆ ಹಬ್ಬದ ಒಲೆಗೆ ಮೊದಲ ಕಿಡಿ ಮನೆಯ ಹಿರಿಮಗಳೇ ಹಾಕಬೇಕು, ಅದೂ ಮಾವನವರದೇ ಪದ್ಧತಿ, ಹಿರಿಮಗಳ ಜೀಪು ಅಥಣಿಯಿಂದ ಹೊರಡುವುದೇ ತಡ, ದಾರಿಯಲ್ಲಿ ರಾಯಬಾಗದ ಹತ್ತಿರ ಟಾಯರು ಪಂಕ್ಚರು, ಇತ್ತ ಸಗಣಿಯ ಕುಳ್ಳು ಒಂದೊಂದನ್ನೂ ನೆಲಕ್ಕೆ ಬಡಿದು ಹುಳ ಇಲ್ಲದ್ದು ನೋಡಿ ಒಟ್ಟಿ ಇಟ್ಟಾಗಿದೆ, ತೆನೆಯ ಸಿಪ್ಪೆ ಸುಲಿದು ಹುಳ ನೋಡಿ ಮತ್ತೆ ಸಿಪ್ಪೆ ಮುಚ್ಚಿ ನಾರು ಕಟ್ಟಿಯಾಗಿದೆ, ಬರೀ ಬೆಂಕಿ ಇಲ್ಲ, ಹೊತ್ತು ನೆತ್ತಿಗೆ ಬಂದರೂ ಬೆಂಕಿ ಇಲ್ಲ, ನಾನೇ ಹಚ್ಚಿಬಿಡಲೇನ್ರಿ ಎಂದು ಗಂಡನನ್ನು ಕೇಳಿದಳು, ಬ್ಯಾಡಬ್ಯಾಡ, ಅಕ್ಕ ಸಿಟ್ಟಾಗ್ತಾಳ.

ಬಂದಳು, ನೆತ್ತಿಯ ಹೊತ್ತು ಜಾರಿದ ಮೇಲೆ, ಜೀಪು ಕಬ್ಬಿನ ಬದುವಿನಲ್ಲಿ ಧೂಳೆಬ್ಬಿಸಿಕೊಂಡು, ಮೊದಲು ಅವಳ ಗಂಡ ಭೂಪಾಲಣ್ಣ ನಗುತ್ತ ಇಳಿದ, ಪಾಪದ ಮನುಷ್ಯ, ಎಲ್ಲಿ ಕರೆದರೂ ಹಸಿದೇ ಬರುತ್ತಾನೆ, ಆಮೇಲೆ ಮಡಿಕೆ ಮುರಿಯದ ಇಳಕಲ್ ಸೀರೆಯಲ್ಲಿ ಅಕ್ಕವ್ವ, ಅವಳ ಹಿಂದೆ ಬುಟ್ಟಿ. ಬಿಳಿ ಬಟ್ಟೆ ಕಟ್ಟಿದ ಬುಟ್ಟಿ. ತವರಿಗೆ ಬರುವ ಮಗಳು ಬರಿಗೈಯಲ್ಲಿ ಬರಲಾರಳು, ಬುತ್ತಿ ತರಲೇಬೇಕು, ಜಿನಮತಿ ಕಟ್ಟಿಗೆಯಿಂದ ಹಿಡಿದು ಉಪ್ಪಿನವರೆಗೆ ಎಲ್ಲ ಯೋಚಿಸಿದ್ದಳು, ಇದೊಂದನ್ನು ಹೇಗೆ ಮರೆತಳು, ವಾಸನೆಯಿಂದಲೇ ಗೊತ್ತಾಯಿತು, ಹೂರಣ, ಏಲಕ್ಕಿ, ಕಾದ ತುಪ್ಪ, ಗೋಧಿ. ಎಲ್ಲಾರಿಗೂ ಸಾಲೂವಷ್ಟ ತಂದೇನಿ, ಅಕ್ಕವ್ವ ಅಂದಳು, ನೀ ಏನೋ ಹೊಲದಾಗ ಸುಡತಿ ಅಂತ ಧನಪಾಲ ಫೋನಿನ್ಯಾಗ ಹೇಳಿದ, ಹಬ್ಬದ ದಿವಸ ಮಂದಿ ಬಾಯಿಗೆ ಒಂದಿಷ್ಟರೆ ಸಿಹಿ ಬ್ಯಾಡೇನ. ತಳ್ಳಿದರೆ ತವರಿನ ಮಗಳ ಬುತ್ತಿಯನ್ನು ತಳ್ಳಿದಂತೆ, ಮಾತು ಹುಟ್ಟಿ ನಿಪ್ಪಾಣಿಯವರೆಗೆ ಹೋಗುತ್ತದೆ, ಇಳಿಸಿಕೊಂಡರೆ ಹಿಟ್ಟು ಉದುರುತ್ತದೆ, ಎಲೆಗಳ ನಡುವೆ, ಕೈಗಳ ನಡುವೆ, ಸುಗಂಧಾ ಅಲ್ಲಿ ಬದುವಿನ ಮೇಲೆ ನಿಂತು ಬುಟ್ಟಿಯನ್ನೇ ನೋಡುತ್ತಿದ್ದಾಳೆ, ತೋಳಿನಲ್ಲಿ ಡಬ್ಬಿ ಅವುಚಿಕೊಂಡು, ಆ ನೋಟ ಕಂಡದ್ದೇ ಜಿನಮತಿಗೆ ಎಲ್ಲಿಂದ ಬಂತೋ ಬಾಯಿ, ಬರ್ರಿ ಅಕ್ಕಾರ, ನಿಮ್ಮ ಬುತ್ತಿ ನೆಲದ ಮ್ಯಾಲ ಇಡೂದೇನ್ರಿ, ಇರುವಿ ಹತ್ತತಾವ, ಜೀವಹಿಂಸಾ ಆಗತೈತಿ, ಮ್ಯಾಲ ಕಟ್ಟೂನು, ಎಂದು ತಾನೇ ಸೆರಗು ಸೊಂಟಕ್ಕೆ ಸಿಕ್ಕಿಸಿ ಎತ್ತರದ ಟೊಂಗೆಗೆ ಹಗ್ಗ ಹಾಕಿಸಿ, ಎಲ್ಲರ ತಲೆಗಿಂತ ಮೇಲೆ, ದೇವರ ಛತ್ರಿಯ ಎತ್ತರಕ್ಕೆ ಕಟ್ಟಿಸಿಬಿಟ್ಟಳು. ಜೀವಹಿಂಸೆ ಅಂದ ಮೇಲೆ ಅಕ್ಕವ್ವ ಏನು ಅಂದಾಳು. ಲಕ್ಷ್ಮಿಬಾಯಿ ಮುಖ ತಿರುಗಿಸಿ ನಕ್ಕಳು. ಆಮೇಲೆ ಹಿರಿಮಗಳು ಕಿಡಿ ಹಾಕಿದಳು, ಕಬ್ಬಿನ ಒಣ ಸೋಗೆಯ ರವದಿ ಭಗ್ಗೆಂದಿತು, ಕುಂಬಳಕಾಯಿ ತಗ್ಗಿಗೆ ಇಳಿಯಿತು, ತಡವಾಗಿ, ತುಂಬಾ ತಡವಾಗಿ.

ಈಗ ಪಂಕ್ತಿ ಕೂತಿದೆ, ಪಂಕ್ತಿ ಅಂದರೆ ಪಂಕ್ತಿಯೇನಲ್ಲ, ತಗ್ಗಿನ ಸುತ್ತ ಗುಂಡಗೆ, ಎಲ್ಲರ ಮುಂದೆ ಬಾಳೆ ಎಲೆ, ಮಂದಿಯ ನಡುವೆ ಸುಗಂಧಾ, ಅವಳ ಬಲಕ್ಕೆ ಸೋದರತ್ತೆ ಅಕ್ಕವ್ವ, ಹಾಗೆ ಕೂಡಿಸಿದ್ದು ಜಿನಮತಿಯೇ, ಇನ್ನೆಲ್ಲಿ ಕೂಡುತ್ತಾಳೆ ನೋಡೋಣ, ಮೊದಲು ಕಬ್ಬಿನ ಹಾಲು, ಎಲ್ಲರಿಗೂ ಒಂದೊಂದು ಲೋಟ, ಈ ಹಬ್ಬದ ಅರ್ಥವೇ ಅದು, ಆಮೇಲೆ ತೆನೆ, ಭೂಪಾಲಣ್ಣ ಮೊದಲು ಕಚ್ಚಿದ, ಕಚ್ಚಿದ ಕೂಡಲೇ ತುಟಿಯ ಸುತ್ತ ಕರೀ ಬಳೆ, ಆಹಾಹಾ, ಉಪ್ಪ ಖಾರ ಹಚ್ಚಿ ಏನ ಸುಟ್ಟೀಯವ್ವ, ಇನ್ನೊಂದ ಒಗಿ ಇತ್ತಾಗ, ಆಮೇಲೆ ಕೆಂಡದ ಮೇಲೆ ಉಬ್ಬಿದ ಜೋಳದ ರೊಟ್ಟಿ, ತನ್ನ ಕಲ್ಲಿನ ಹಿಟ್ಟು, ಸುಟ್ಟ ಮೆಣಸಿನಕಾಯಿ ಶೇಂಗಾದ ಜೊತೆ ಕುಟ್ಟಿದ ಚಟ್ನಿ, ಸುಟ್ಟ ಮಾವಿನಕಾಯಿಯ ಪಾನಕ, ಬರೀ ಕರುಂಕರುಂ ಸದ್ದು, ಶೇಂಗಾ ಒಡೆಯುವ ಸದ್ದು, ಬೋರಗಾಂವದ ಹಿರಿಯರ ಬಿಳಿ ಟೊಪ್ಪಿಗೆಗೂ ಮಸಿ, ಮಕ್ಕಳ ಮೂಗಿಗೂ ಮಸಿ, ಸುಗಂಧಾಳ ಬಾಯಿಗೂ ಮಸಿ, ಎಲ್ಲರ ಬಾಯಿ ಒಂದೇ ಬಣ್ಣ, ಇದರಲ್ಲಿ ಗೋಧಿ ತಿನ್ನುವವರು ಯಾರು ತಿನ್ನದವರು ಯಾರು ತೋರಿಸಿ ನೋಡೋಣ. ಹುಡುಗಿ ಪಕ್ಕದ ಎಲೆಯಿಂದ ತೆನೆ ಕಸಿದಳು, ಜೀವಮಾನದಲ್ಲಿ ಮೊದಲ ಸಲ ಬೇರೆಯವರ ಎಲೆಗೆ ಕೈ ಹಾಕಿದಳು, ಯಾರೂ ಹೌಹಾರಲಿಲ್ಲ, ಜಿನಮತಿಯೂ ಹೌಹಾರಲಿಲ್ಲ. ಆದರೆ ಅಕ್ಕವ್ವ. ಅಕ್ಕವ್ವ ತೆನೆಯನ್ನು ಕಚ್ಚುವುದಿಲ್ಲ, ಒಂದೊಂದೇ ಕಾಳು ಉಗುರಿನಿಂದ ಬಿಡಿಸಿ ಬಾಯಿಗೆ ಹಾಕಿಕೊಳ್ಳುತ್ತಾಳೆ, ಮಸಿ ತಾಗದ ಹಾಗೆ, ರೊಟ್ಟಿ ಅರ್ಧಕ್ಕೇ ಬಿಟ್ಟಿದ್ದಾಳೆ, ಆಗಾಗ ಕತ್ತೆತ್ತಿ ಟೊಂಗೆ ನೋಡುತ್ತಾಳೆ, ಛಲೋ ಆಗೇದಬೇ, ಖಾರಾ ಎಲ್ಲಾ ಛಲೋ ಆತು, ಇನ್ನ ಸಿಹಿ ಬರ್ಲಿ, ಎಂದಳು, ಅಂದದ್ದಷ್ಟೇ, ಎಲ್ಲರ ಕಣ್ಣು ತಗ್ಗಿನ ಕಡೆ, ಜಿನಮತಿಯ ಕಣ್ಣು ಹೊತ್ತಿನ ಕಡೆ.

ಹೊತ್ತು ಜಾಲಿಗಿಡದ ತುದಿ ಮುಟ್ಟಿದೆ. ಬೇವಿನ ಕಡ್ಡಿ ಚುಚ್ಚಿ ನೋಡೋಣವೆಂದರೆ ಕೆಸರು ಸುಟ್ಟು ಇಟ್ಟಿಗೆಯಾಗಿದೆ, ಒಡೆದು ನೋಡಿದರೆ ಬೇಯದಿದ್ದಲ್ಲಿ ಮತ್ತೆ ಹೂಳಲಾಗದು, ಒಂದೇ ಸಲ, ಸಣ್ಣ ಕಾಯಿ ಸುಟ್ಟಾಗ ಬೆಲ್ಲದ ವಾಸನೆ ಹೊರಗೆ ಬಂದಿತ್ತು, ಈಗ ಮೂಗಿಗೆ ಬರೀ ಕುಳ್ಳಿನ ಹೊಗೆ, ಬೆಲ್ಲ ಎಲ್ಲಿ, ಬಾರವ್ವ ಬೆಲ್ಲ, ಬಾ. ಧನಪಾಲ ಹಿಂದಿನಿಂದ ಬಂದು ಕಿವಿಯಲ್ಲಿ, ಆಗಲಿಲ್ಲಂದ್ರ ಬುತ್ತಿ ಬಿಚ್ಚೂನು, ಮಂದಿನ್ನ ಸಿಹಿ ಇಲ್ಲದ ಎಬ್ಬಸಾಕ ಬರೂದಿಲ್ಲ, ಹುಡುಗಿ ಒಂದ ಗಳಿಗಿ ಆ ಕಡೆ ಕುಂದ್ರಲಿ, ಏನ ಆಗತೈತಿ. ಏನ ಆಗತೈತಿ. ಎಷ್ಟು ವರ್ಷದಿಂದ ಇದೇ ಮಾತು, ಒಂದ ತುತ್ತಿಗೆ ಏನ ಆಗತೈತಿ, ಒಂದ ಗಳಿಗಿಗೆ ಏನ ಆಗತೈತಿ, ತಿರುಗಿ ಗಂಡನ ಮುಖ ನೋಡಿದಳು, ಅವನ ಬಾಯಿಯೂ ಕರ್ರಗೆ, ನಗು ಬರುವ ಹಾಗಿತ್ತು, ಆದರೆ ಅಂದಳು, ನೀವ ಹೋಗಿ ಸಲಿಕಿ ತರ್ರಿ, ಆಕಿ ಏಳೂದಿಲ್ಲ, ಇವತ್ತ ಆಕಿ ಏಳೂದಿಲ್ಲ. ಅತ್ತ ಸುಗಂಧಾ, ಯಾರು ಏನು ಹೇಳಿದರೋ ಇಲ್ಲವೋ, ಎಷ್ಟು ವರ್ಷದ ರೂಢಿ, ತಂದೆ ತಾಯಿ ಪಿಸುಗುಟ್ಟಿದರೆ ಅದು ತನ್ನ ಬಗ್ಗೆಯೇ ಎಂದು ಗೊತ್ತು, ಕೈ ಆಗಲೇ ಡಬ್ಬಿಯ ಮೇಲೆ, ಒಂದು ಮೊಣಕಾಲು ಊರಿದ್ದಾಳೆ, ಏಳಲು. ಏಳಬೇಡ ಕೂಸೇ. ಪ್ರತಿ ವರ್ಷ ಈ ದಿವಸ ಬಸದಿಯಲ್ಲಿ ಪಂಡಿತರು ಹೇಳುವುದು, ಆದಿನಾಥ ಮುನಿಯಾಗಿ ಊರೂರು ತಿರುಗಿದ, ಮಂದಿ ಆನೆ ತಂದರು, ಮುತ್ತು ತಂದರು, ಪಟ್ಟೆ ತಂದರು, ಎಲ್ಲರಿಗೂ ಭಕ್ತಿ ಇತ್ತು, ಆದರೆ ಅವನಿಗೆ ಏನು ಕೊಡಬೇಕೆಂಬುದು ಒಬ್ಬರಿಗೂ ಗೊತ್ತಿರಲಿಲ್ಲ, ಹಸಿದೇ ಮುಂದೆ ಹೋದ, ಕೊನೆಗೆ ಈ ತದಿಗೆಯ ದಿವಸ ಒಬ್ಬ ರಾಜನಿಗೆ ಹೊಳೆಯಿತು, ಬೊಗಸೆಗೆ ಕಬ್ಬಿನ ಹಾಲು ಹೊಯ್ದ, ಅಷ್ಟೇ, ಪ್ರತಿ ವರ್ಷ ಕೇಳಿ ಕೈಮುಗಿದು ಬರುತ್ತಿದ್ದಳು, ಮಿರಜಿಯಿಂದ ಬಂದ ವರ್ಷ ಮಾತ್ರ ಬಸದಿಯ ಕಂಬಕ್ಕೆ ಒರಗಿ ಗಳಗಳ ಅತ್ತಿದ್ದಳು, ದೇವರಿಗೂ ಹೀಗಾಗಿತ್ತಲ್ಲ, ಅವನೂ ಪಂಕ್ತಿಯಿಂದ ಎದ್ದು ಹೋಗಿದ್ದನಲ್ಲ ಎಂದು. ಅಗೆಯಿರಿ, ಎಂದಳು ಗಂಡನಿಗೆ. ಅಗೀರಿ ಅಂದೆನಲ್ಲ, ಹೊತ್ತ ನಿಲ್ಲೂದಿಲ್ಲ. ಸಲಿಕೆ ಕೆಂಡಕ್ಕೆ ಇಳಿಯಿತು, ಕಿಡಿ ಹಾರಿತು, ಮಣ್ಣಿನ ಕರೀ ಗುಂಡು ಹೊರಳಿ ಮೇಲೆ ಬಂತು, ಲಕ್ಷ್ಮಿಬಾಯಿ ನೀರು ಚಿಮುಕಿಸಿದಳು, ಚುಂಯ್ ಎಂದಿತು, ಜಿನಮತಿ ರುಬ್ಬುಗುಂಡು ಎತ್ತಿಕೊಂಡಳು, ಕಣ್ಣು ಮುಚ್ಚಲಿಲ್ಲ, ಬಡಿದಳು, ಒಡೆಯಲಿಲ್ಲ, ಮತ್ತೆ ಬಡಿದಳು, ಬಿರಿಯಿತು.

ಆವಿ. ಆವಿಯ ಹಿಂದೆ ಬೆಲ್ಲ, ಅಯ್ಯೋ ಬೆಲ್ಲದ ವಾಸನೆಯೇ, ಇಷ್ಟೊತ್ತು ಎಲ್ಲಿ ಅಡಗಿದ್ದೆ, ಮಣ್ಣು ಕಳಚಿತು, ಎಲೆ ಕಳಚಿತು, ಕೆಂಪಗೆ, ಮೆತ್ತಗೆ, ಚಮಚ ತಾಗಿದರೆ ಕುಸಿಯುವಷ್ಟು, ಹೊಟ್ಟೆಯೊಳಗೆ ಬೆಲ್ಲ ಕೊಬ್ಬರಿ ಕುದಿಯುತ್ತಿದೆ ಇನ್ನೂ, ಗೆದ್ದೆ, ಗೆದ್ದೆನವ್ವ, ಆದಿನಾಥ, ಗೆದ್ದೆ, ಜಾಲಿಗಿಡದ ಹಿಂದೆ ಹೊತ್ತು ಇನ್ನೂ ಒಂದು ಅಂಗೈ ಅಗಲ ಉಳಿದಿದೆ, ಸಾಕು, ಬಡಸ್ರಿ ಬಡಸ್ರಿ, ಮೊದಲು ಹಿರಿಮಗಳಿಗೆ ಎಂದು ಧನಪಾಲ ಎಲೆ ಹಿಡಿದ, ಆದರೆ ಜಿನಮತಿಯ ಕೈ ತಾನಾಗಿ ಸುಗಂಧಾಳ ಎಲೆಗೆ ಹೋಯಿತು, ಹೋದರೆ ಹೋಗಲಿ, ಪದ್ಧತಿ ಒಂದು ದಿವಸ ತಪ್ಪಿದರೆ ಮಾವನವರು ಸಿಟ್ಟಾಗರು, ಹುಡುಗಿ ಊರಿದ್ದ ಮೊಣಕಾಲು ಮಡಚಿ ಮತ್ತೆ ಕೂತಿತು, ಎರಡನೆಯದು ಅಕ್ಕವ್ವನ ಎಲೆಗೆ. ಅಕ್ಕವ್ವ ನೋಡಿದಳು, ಬೆರಳ ತುದಿಯಲ್ಲಿ ಚೂರು ಮುರಿದಳು, ಬಾಯಿಗಿಟ್ಟಳು, ಇನ್ನೊಂದು ಚೂರು, ದೊಡ್ಡ ಚೂರು, ಆಮೇಲೆ ಐದೂ ಬೆರಳು, ಆಮೇಲೆ ಸಿಪ್ಪೆಯನ್ನೇ ಎತ್ತಿ ಹಲ್ಲಿನಿಂದ ಕೆರೆಯತೊಡಗಿದಳು, ಸುಟ್ಟ ಸಿಪ್ಪೆ, ತುಟಿಯ ಸುತ್ತ ಕರೀ ಬಳೆ, ಮೂಗಿನ ನತ್ತಿನವರೆಗೆ ಮಸಿ, ಗೊತ್ತೇ ಇಲ್ಲ ಅವಳಿಗೆ, ಏ ಜಿನಮತಿ, ಇನ್ನಷ್ಟ ಹಾಕಬೇ ಇತ್ತ, ನಿಂತ್ಯಾಕ. ಭೂಪಾಲಣ್ಣ ತೊಡೆ ತಟ್ಟಿ ನಕ್ಕ, ಕೇಳಿದ್ರೇನ್ರಿ, ಕೇಳಿದ್ರೇನ್ರಿ, ನಮ್ಮ ಮನಿಯಾಕಿ ಇನ್ನೊಬ್ಬರ ಅಡಗಿ ಎರಡನೇ ಸಲ ಕೇಳಿದ್ದ ನಾ ಹುಟ್ಟಿದಾಗಿಂದ ಕಂಡಿಲ್ಲ, ಮಂದಿಯೆಲ್ಲ ನಕ್ಕರು, ಅಕ್ಕವ್ವನಿಗೂ ನಗು ತಡೆಯಲಾಗಲಿಲ್ಲ, ನಕ್ಕರೆ ಮಸಿಯ ನಡುವೆ ಹಲ್ಲು ಬೆಳ್ಳಗೆ, ಸುಗಂಧಾ ಅತ್ತೆಯ ಮುಖ ನೋಡಿ ಬಿದ್ದು ಬಿದ್ದು ನಗುತ್ತಿದ್ದಾಳೆ, ಅತ್ತಿ, ನಿನ್ನ ಮಾರಿ ನೋಡ, ನಿನ್ನ ಮಾರಿ. ಜಿನಮತಿ ಬಡಿಸುತ್ತಲೇ ಇದ್ದಳು, ಕೈ ಸುಡುತ್ತಿದೆ, ಸುಡಲಿ, ಇವತ್ತು ಕೈಯ ಸುಟ್ಟ ಬೊಬ್ಬೆಗೂ ಹಬ್ಬ.

ಹೊತ್ತು ಮುಳುಗಿತು, ಬಾಯಿ ಮುಕ್ಕಳಿಸಿದರು, ಎಲೆ ಎತ್ತಿದರು, ತಗ್ಗಿನಲ್ಲಿ ಬೂದಿಯ ಕೆಳಗೆ ಕೆಂಡ ಮಿಣುಕುತ್ತಿದೆ, ಮೇಲೆ ಬುಟ್ಟಿ ಇನ್ನೂ ತೂಗುತ್ತಿದೆ, ಬಟ್ಟೆ ಬಿಚ್ಚಿಲ್ಲ, ಯಾರೂ ಅದರ ಕಡೆ ನೋಡಿಲ್ಲ, ಇಳಿಸಿ ಜೀಪಿನ ಹಿಂದೆ ಇಡಾಕ ಹೇಳ್ರಿ ಎಂದು ಅಕ್ಕವ್ವನೇ ಗಂಡನಿಗೆ ಹೇಳಿದಳು, ಹೇಳುವಾಗ ಧ್ವನಿ ಸಣ್ಣದಾಗಿತ್ತು, ಆಮೇಲೆ ತಗ್ಗಿನ ಹತ್ತಿರ ಬಂದು ನಿಂತಳು, ಉಳಿದ ಕುಂಬಳಕಾಯಿ ನೋಡುತ್ತ, ಉಳದೈತಲ್ಲಬೇ, ನಾಳೆ ಮುಂಜಾನೆ ತಿಂತೇನಿ, ಯಾವುದರಾಗರೆ ಹಾಕಿ ಕೊಡ. ಜಿನಮತಿ ಸುತ್ತ ನೋಡಿದಳು, ಪಾತ್ರೆಯೆಲ್ಲ ಚಕ್ಕಡಿಗೆ ಏರಿದೆ, ಏನು ಕೊಡಲಿ, ಅಷ್ಟರಲ್ಲಿ ಸುಗಂಧಾ ಮುಂದೆ ಬಂದು, ತಗೋ ಅತ್ತಿ, ಖಾಲಿ ಐತಿ, ಎಂದು ಡಬ್ಬಿ ಚಾಚಿದಳು. ಅಕ್ಕವ್ವ ಕೈ ನೀಡಿದವಳು ಹಿಂದಕ್ಕೆ ಎಳೆದುಕೊಂಡಳು. ತಡಿಬೇ ಸುಗಂಧಾ, ಕೈ ತೊಳಕೋತೇನಿ, ಹೋಳಿಗಿ ಮಾಡಿದ ಕೈ ಐತಿ. ಸೋಸಿದ ನೀರಿನ ಕೊಡದ ಹತ್ತಿರ ಹೋಗಿ ಕೂತಳು, ಬೂದಿ ತೆಗೆದುಕೊಂಡಳು, ಬೆರಳ ಸಂದಿ ಉಜ್ಜಿದಳು, ಉಗುರಿನ ಒಳಗೆ ಉಜ್ಜಿದಳು, ಬಳೆ ಮೇಲೆ ಸರಿಸಿ ಮೊಣಕೈಯವರೆಗೆ ಉಜ್ಜಿದಳು, ಲಕ್ಷ್ಮಿಬಾಯಿ ನೀರು ಹಾಕುತ್ತಲೇ ಇದ್ದಳು, ಸಾಕ ಬಿಡ್ರಿ ಅಕ್ಕಾರ ಅಂದರೂ ಕೇಳಲಿಲ್ಲ, ಮತ್ತೆ ಬೂದಿ, ಮತ್ತೆ ನೀರು, ಜಿನಮತಿ ನೋಡುತ್ತ ನಿಂತಳು, ಏನೋ ಹೇಳಬೇಕೆಂದಿದ್ದಳು, ವರ್ಷವಿಡೀ ಬಾಯಲ್ಲಿ ಇಟ್ಟುಕೊಂಡದ್ದು, ಬಾಯಿಪಾಠ ಮಾಡಿಕೊಂಡದ್ದು, ಒಂದೂ ನೆನಪಿಗೆ ಬರಲಿಲ್ಲ, ತುತ್ತು, ಹಾಸಿಗೆ, ಜಡೆ, ಯಾವುದೂ ಬರಲಿಲ್ಲ, ಎರಡೂ ಕೈ ಸೆರಗಿಗೆ ಒರೆಸದೆ ಗಾಳಿಗೆ ಹಿಡಿದು ಆರಿಸಿಕೊಂಡು ಬಂದಳು ಅಕ್ಕವ್ವ, ಎರಡೂ ಕೈಯಲ್ಲಿ ಡಬ್ಬಿ ಇಸಿದುಕೊಂಡಳು, ತಾನೇ ತುಂಬಿದಳು, ಮುಚ್ಚಳ ಒತ್ತಿದಳು, ಮುಚ್ಚಲಿಲ್ಲ, ಮತ್ತೆ ಒತ್ತಿದಳು, ಹಂಗಲ್ಲ ಅತ್ತಿ, ಅಂಗೈಲೇ ಗುದ್ದಬೇಕ, ಹುಡುಗಿ ಹೇಳಿಕೊಟ್ಟಳು, ಈಗ ಜೀಪು ಬದುವಿನ ಮೇಲೆ ಹೋಗುತ್ತಿದೆ, ಬುಟ್ಟಿ ಹಿಂದೆ ಎಲ್ಲೋ, ಮುಂದೆ ಮಡಿಲಲ್ಲಿ ಡಬ್ಬಿ, ನೆಗ್ಗಿದ ಮುಚ್ಚಳ, ಮೇಲೆ ತೊಳೆದ ಎರಡು ಕೈ, ಅವನ್ನೇ ನೋಡುತ್ತಾಳೆ ಜಿನಮತಿ, ಜೀಪು ಕಬ್ಬಿನ ಆಚೆ ಮರೆಯಾದ ಮೇಲೂ ಅವೇ, ಡಬ್ಬಿ, ಅಕ್ಕವ್ವನ ಅಂಗೈ, ಟಕ್.